ಬೇಕು ಮತ್ತು ಸಾಕು



ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರೊಬ್ಬರ ನೆನಪಿಗೆ ಅವರ ಮಕ್ಕಳು ಇಟ್ಟಿರುವ ದತ್ತಿ ಇದು. ಆದ್ದರಿಂದ ಹೈಸ್ಕೂಲಿನ ಗಣಿತದಿಂದಲೇ ಶುರುಮಾಡುತ್ತೇನೆ. ಅದಕ್ಕೂ ಮೊದಲು ನಿಮ್ಮನ್ನೆಲ್ಲ ಒಂದು ಖಾಲಿ ಸೈಟಿಗೆ ಕರೆದುಕೊಂಡು ಹೋಗಬೇಕು.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಸೈಟಿನಲ್ಲಿ ಕಾಂಪೌಂಡಿಗೆ ಗುರುತು ಹಾಕುವ ದಿನ ನಾನೂ ಹೋಗಿದ್ದೆ. ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಮೂವತ್ತು-ನಲವತ್ತರ ಸೈಟು. ರಸ್ತೆ ಕಡೆಯ ಎರಡು ಗೂಟ ಗಟ್ಟಿಯಾಗಿ ನಿಂತಿದ್ದವು. ಹಿಂದಿನ ಎರಡನ್ನು ಮೇಸ್ತ್ರಿ ಅಳೆದು ಹೊಡೆದು, ಸುತ್ತ ದಾರ ಎಳೆದಿದ್ದರು. 30, 40, 30, 40 ಅಡಿ. ನಾಲ್ಕೂ ಪಕ್ಕ ಟೇಪಿಗೆ ಸರಿಯಾಗಿ ಕೂತವು. ನಾನು, ‘ಆಯ್ತಲ್ಲ’ ಎಂದೆ. ಅವರು ಬಗ್ಗಿದ ತಲೆ ಎತ್ತದೆ, ‘ಪಕ್ಕ ಸರಿ ಇದ್ರೆ ಆಗೋಯ್ತಾ ಸಾರ್? ಮೂಲೆ ಕೂರಬೇಕಲ್ಲ’ ಎಂದರು. ಸಹಾಯಕ್ಕಿದ್ದ ಹುಡುಗನ ಕೈಗೆ ಟೇಪಿನ ತುದಿ ಕೊಟ್ಟು ಮೂಲೆಯಿಂದ ಎದುರು ಮೂಲೆಗೆ ಎಳೆದರು. 49 ಅಡಿ 8 ಇಂಚು. ಇನ್ನೊಂದು ಜೋಡಿ ಮೂಲೆಗೆ ಎಳೆದರು. 50 ಅಡಿ 4 ಇಂಚು. ಹಿಂದಿನ ಎರಡೂ ಗೂಟ ಕಿತ್ತು, ಏಳು ಇಂಚಿನಷ್ಟು ಪಕ್ಕಕ್ಕೆ ಸರಿಸಿ ಹೊಡೆದರು. ಮತ್ತೆ ನಾಲ್ಕು ಪಕ್ಕ ಅಳೆದರು, ಮತ್ತೆ ಎರಡು ಕರ್ಣ ಅಳೆದರು. ಎರಡೂ ಐವತ್ತಕ್ಕೆ ಬಂದ ಮೇಲೆಯೇ ಸುಣ್ಣದ ಪುಡಿಯ ಚೀಲ ಬಿಚ್ಚಿದ್ದು.

ಮೂವತ್ತು ವರ್ಷ ಪಾಠ ಮಾಡಿದವನಿಗೆ ಆ ಬೆಳಿಗ್ಗೆ ಸಿಕ್ಕಿದ್ದು ದೊಡ್ಡ ಪಾಠ. ಆಯತವಾಗಬೇಕಾದರೆ ಎದುರು ಪಕ್ಕಗಳು ಸಮ ಇರಬೇಕು. ಅಷ್ಟಿದ್ದರೆ ಸಾಲದು, ಚೌಕಟ್ಟು ವಾಲಿದ್ದರೂ ಪಕ್ಕಗಳು ಸಮವಾಗಿಯೇ ಇರುತ್ತವೆ. ಆಯತವಾಗಬೇಕಾದರೆ ಕರ್ಣಗಳೂ ಸಮ ಇರಬೇಕು. ಅದೊಂದೇ ಇದ್ದರೂ ಸಾಲದು, ಐವತ್ತು ಅಡಿಯ ಎರಡು ಹಗ್ಗಗಳನ್ನು ಹೇಗೆ ಬೇಕಾದರೂ ಒಂದರ ಮೇಲೊಂದು ಅಡ್ಡ ಎಸೆಯಬಹುದು. ಎರಡೂ ಕೂಡಿದರೆ ಸಾಕು. ಹಾಗೆ ಕೂಡಿದಾಗ ಕರ್ಣ ಐವತ್ತೇ ಎಂದು ಮೇಸ್ತ್ರಿಗೆ ಗೊತ್ತಿರಬೇಕಾದ್ದೂ ಇಲ್ಲ, ಎರಡೂ ಒಂದೇ ಅಳತೆಗೆ ಬಂದರೆ ಮೂಲೆ ಕೂತಂತೆ.

ಮೇಸ್ತ್ರಿಗಳು ಪೈಥಾಗೊರಸ್ ಪ್ರಮೇಯ ಬಳಸುತ್ತಾರೆ ಎಂದು ನಾವು ತರಗತಿಯಲ್ಲಿ ಹೇಳುವುದು ವಾಡಿಕೆ. ನಾನೂ ಹೇಳಿದ್ದೇನೆ. ಅದು ಸರಿಯಲ್ಲ. ಮೂಲೆ ಲಂಬವಾಗಿದ್ದರೆ ಕರ್ಣ 50 ಎನ್ನುವುದು ಪೈಥಾಗೊರಸ್ ಪ್ರಮೇಯ. ಐವತ್ತನ್ನೇ ನೋಡಿ ಮೂಲೆ ಕೂರಿಸುವ ಮೇಸ್ತ್ರಿಯ ಕೈಯಲ್ಲಿ ಇರುವುದು 50, ಅವರಿಗೆ ಬೇಕಾದದ್ದು ಲಂಬ. ಅವರು ಬಳಸುವುದು ಅದರ ವಿಲೋಮವನ್ನು. ಯೂಕ್ಲಿಡ್ ಇದನ್ನು ಎಷ್ಟು ಚೆನ್ನಾಗಿ ಅರಿತಿದ್ದನೆಂದರೆ, ತನ್ನ ಮೊದಲ ಪುಸ್ತಕದ 47ನೆಯ ಪ್ರಮೇಯವಾಗಿ ಒಂದನ್ನು ಸಾಧಿಸಿ, ಕೊನೆಯದಾದ 48ನೆಯದಾಗಿ ಇನ್ನೊಂದನ್ನು ಬೇರೆಯಾಗಿಯೇ ಸಾಧಿಸಿದ. ನಮ್ಮ ಶುಲ್ಬಸೂತ್ರಗಳಲ್ಲಿ ಹಗ್ಗಕ್ಕೆ ಗುರುತು ಮಾಡಿ, ಗೂಟಕ್ಕೆ ಕಟ್ಟಿ ಎಳೆದು ಲಂಬ ನಿಲ್ಲಿಸುವ ಕ್ರಮವಿದೆ. ಅಲ್ಲಿಯೂ ಕೆಲಸಕ್ಕೆ ಬರುವುದು ಈ ವಿಲೋಮವೇ.

ಭಾಸ್ಕರಾಚಾರ್ಯನಿಗೆ ಈ ವಿಷಯದಲ್ಲಿ ಸಿಟ್ಟೇ ಬಂದಿತ್ತು. 1150ರ ‘ಲೀಲಾವತಿ’ಯಲ್ಲಿ ಚತುರ್ಭುಜದ ಪ್ರಸಂಗ ಬಂದಾಗ, ಕರ್ಣವನ್ನೋ ಲಂಬವನ್ನೋ ಕೊಡದೆ ನಾಲ್ಕು ಪಕ್ಕಗಳನ್ನಷ್ಟೇ ಹೇಳಿ ನಿಶ್ಚಿತವಾದ ಕ್ಷೇತ್ರಫಲ ಕೇಳುವವನನ್ನೂ ಅದಕ್ಕೆ ಉತ್ತರ ಹೇಳುವವನನ್ನೂ ಅವನು ಪಿಶಾಚಿಗಳ ಸಾಲಿಗೆ ಸೇರಿಸುತ್ತಾನೆ. ಬರಿಯ ಬೈಗುಳವಲ್ಲ, ಲೆಕ್ಕವನ್ನೂ ತೋರಿಸುತ್ತಾನೆ. ನಾಲ್ಕೂ ಪಕ್ಕ 25 ಇರುವ ಆಕೃತಿ ತೆಗೆದುಕೊಳ್ಳಿ. ಚೌಕವಾಗಿ ನಿಂತರೆ ಕ್ಷೇತ್ರಫಲ 625. ವಾಲಿ ಕರ್ಣಗಳು 30 ಮತ್ತು 40 ಆದರೆ 600. ಇನ್ನೂ ವಾಲಿ 14 ಮತ್ತು 48 ಆದರೆ 336. ಪಕ್ಕಗಳು ಕದಲಲಿಲ್ಲ, ಒಳಗಿನ ನೆಲ ಅರ್ಧದಷ್ಟಕ್ಕೆ ಕುಸಿಯಿತು. ಪಕ್ಕಗಳು ಬೇಕು, ಆದರೆ ಪಕ್ಕಗಳು ಸಾಲವು.

ಪಠ್ಯಪುಸ್ತಕಗಳು ‘ಅವಶ್ಯಕ ಮತ್ತು ಪರ್ಯಾಪ್ತ ನಿಬಂಧನೆ’ ಎನ್ನುತ್ತವೆ. ಆ ಮಾತು ಕೇಳಿದ ಕೂಡಲೇ ಮಕ್ಕಳ ಮುಖ ಬಾಡುತ್ತದೆ. ಕನ್ನಡದಲ್ಲಿ ಅದಕ್ಕೆ ಎರಡೆರಡಕ್ಷರದ ಮಾತುಗಳಿವೆ, ಊಟದ ಪಂಕ್ತಿಯಲ್ಲಿ ಕುಳಿತ ಮಗುವಿಗೂ ಬರುವ ಮಾತುಗಳು: ಬೇಕು, ಸಾಕು. ಇವೆರಡೂ ಇರುವ ಭಾಷೆಯಲ್ಲಿ ಈ ಪಾಠ ಕಷ್ಟವಾಗಬಾರದು. ಆದರೂ ಆಗುತ್ತದೆ. ಯಾಕೆಂದರೆ ಮಾತಿನಲ್ಲಿ ಇವೆರಡರ ಗಡಿ ಬಹಳ ತೆಳು. ‘ಓದಿದರೆ ಪಾಸಾಗುತ್ತೀಯ’ ಅಂದರೆ ಓದು ಸಾಕು. ‘ಓದಿದರೇ ಪಾಸಾಗುವುದು’ ಅಂದರೆ ಓದು ಬೇಕು. ‘ರೆ’ಗೂ ‘ರೇ’ಗೂ ಇರುವುದು ಒಂದೇ ಮಾತ್ರೆಯ ಅಂತರ. ಛಂದಸ್ಸಿನಲ್ಲಿ ಲಘು ಗುರುವಾಗುವಷ್ಟರಲ್ಲಿ ತರ್ಕದಲ್ಲಿ ಬಾಣದ ದಿಕ್ಕು ತಿರುಗಿಬಿಡುತ್ತದೆ.

ಈ ಒಂದು ಮಾತ್ರೆಯಲ್ಲಿ ನಾನು ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದ್ದೇನೆ. ಕಿರುಪರೀಕ್ಷೆಯಲ್ಲಿ ಫೇಲಾಗಿದ್ದ. ‘ನೀನು ಓದಿಲ್ಲ’ ಎಂದು ಎಲ್ಲರೆದುರು ಹೇಳಿದೆ. ಓದು ಸಾಕು ಎಂದಾಗಿದ್ದರೆ ನನ್ನ ಮಾತು ನಿಲ್ಲುತ್ತಿತ್ತು, ಪಾಸಾಗದವನು ಓದಿಲ್ಲ ಎಂದು ಹೇಳಬಹುದಿತ್ತು. ಆದರೆ ನಿಜವಾಗಿ ನನಗೆ ಗೊತ್ತಿದ್ದದ್ದು ಓದು ಬೇಕು ಎಂಬುದಷ್ಟೇ. ಅದರಿಂದ ಫೇಲಾದವನ ಬಗ್ಗೆ ಏನೂ ಹೇಳಲು ಬರುವುದಿಲ್ಲ. ವಾರ ಕಳೆದ ಮೇಲೆ ಅವನ ನೋಟ್‌ಬುಕ್ಕು ತಿರುವಿ ಹಾಕಿದೆ. ಪುಟಪುಟವೂ ಲೆಕ್ಕಗಳು, ಮಾಡಿದ ಕ್ರಮವೂ ಸರಿ. ಆದರೆ ಬೋರ್ಡಿನ ಮೇಲಿನ 17 ಅವನ ಪುಸ್ತಕದಲ್ಲಿ 11 ಆಗಿತ್ತು, 83 ಇದ್ದದ್ದು 33 ಆಗಿತ್ತು. ಹುಡುಗನಿಗೆ ಕನ್ನಡಕ ಬೇಕಿತ್ತು.

ಮುಂದಿನ ಸಾಲಿನಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ಈಗ ಒಂದು ಚಿತ್ರ. ಒಂದು ಚೌಕ ಬರೆದು ಎರಡೂ ಕರ್ಣ ಎಳೆಯಿರಿ. ಮೇಲೆ ಮುಕ್ಕೋನದ ಚಾವಣಿ ಇಡಿ. ಪೆನ್ಸಿಲು ಎತ್ತದೆ, ಒಂದು ಗೆರೆಯನ್ನು ಎರಡು ಸಲ ಎಳೆಯದೆ ಇದನ್ನು ಬರೆಯಬಹುದೇ? ಕೆಳಗಿನ ಎಡ ಮೂಲೆಯಿಂದಲೋ ಬಲ ಮೂಲೆಯಿಂದಲೋ ಹೊರಟರೆ ಬರೆಯಬಹುದು. ಚಾವಣಿ ತೆಗೆದುಬಿಟ್ಟರೆ ಎಲ್ಲಿಂದ ಹೊರಟರೂ ಆಗದು. ಕಾರಣವನ್ನು ಕಂಡವನು ಲಿಯೊನಾರ್ಡ್ ಆಯ್ಲರ್. 1735ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯಲ್ಲಿ. ಅವನ ಮುಂದಿದ್ದದ್ದು ಕೋನಿಗ್ಸ್‌ಬರ್ಗ್ ಎಂಬ ಊರು, ಇಂದಿನ ರಷ್ಯಾದ ಕಲಿನಿನ್‌ಗ್ರಾಡ್. ಪ್ರೆಗೆಲ್ ನದಿ ಊರನ್ನು ನಾಲ್ಕು ನೆಲಗಳಾಗಿ ಸೀಳಿತ್ತು, ನಡುವೆ ಏಳು ಸೇತುವೆ. ಏಳನ್ನೂ ಒಂದೊಂದೇ ಸಲ ದಾಟಿ ಬರುವ ದಾರಿ ಇದೆಯೇ ಎಂಬುದು ಪ್ರಶ್ನೆ.

ಆಯ್ಲರ್ ದಾರಿ ಹುಡುಕುತ್ತ ಕೂರಲಿಲ್ಲ, ಎಣಿಸಿದ. ಒಂದು ನೆಲಕ್ಕೆ ಬಂದವನು ಅಲ್ಲೇ ನಿಲ್ಲದಿದ್ದರೆ ಹೊರಡಲೇಬೇಕು. ಬರಲು ಒಂದು ಸೇತುವೆ, ಹೋಗಲು ಒಂದು. ಹಾಗಾಗಿ ಹೊರಡುವ ಮತ್ತು ಮುಗಿಸುವ ತಾಣಗಳನ್ನು ಬಿಟ್ಟರೆ ಉಳಿದೆಲ್ಲ ಕಡೆ ಸೇತುವೆಗಳು ಸರಿಸಂಖ್ಯೆಯಲ್ಲಿ ಇರಬೇಕು. ಬೆಸ ಇರುವ ತಾಣಗಳು ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಕೋನಿಗ್ಸ್‌ಬರ್ಗಿನಲ್ಲಿ ನಡುಗಡ್ಡೆಗೆ ಐದು, ಉಳಿದ ಮೂರು ನೆಲಕ್ಕೆ ಮೂರು ಮೂರು. ನಾಲ್ಕೂ ಬೆಸ. ದಾರಿ ಇಲ್ಲ. ಚಾವಣಿಯಿಲ್ಲದ ನಮ್ಮ ಚೌಕಕ್ಕೂ ನಾಲ್ಕೂ ಮೂಲೆಯಲ್ಲಿ ಮೂರು ಮೂರು ಗೆರೆ.

ಆಯ್ಲರ್ ಸಾಧಿಸಿದ್ದು ‘ಬೇಕು’. ಬೆಸ ತಾಣಗಳು ಎರಡೇ ಇದ್ದರೆ ಅಥವಾ ಒಂದೂ ಇಲ್ಲದಿದ್ದರೆ ದಾರಿ ಸಿಕ್ಕೇ ಸಿಗುತ್ತದೆ ಎಂದೂ ಅವನು ಬರೆದ, ಅದು ನಿಜವೂ ಹೌದು. ಆದರೆ ಸಾಧನೆ ಕೊಡಲಿಲ್ಲ. ಆ ‘ಸಾಕು’ ಅಚ್ಚಾಗಿ ಬಂದದ್ದು 1873ರಲ್ಲಿ. ಕಾರ್ಲ್ ಹೀರ್‌ಹೋಲ್ಟ್ಸರ್ ಎಂಬ ಜರ್ಮನ್ ತರುಣ ಅದನ್ನು ಗೆಳೆಯರಿಗೆ ಬಾಯಲ್ಲಿ ಹೇಳಿ, ಬರೆದಿಡುವ ಮುನ್ನವೇ 1871ರಲ್ಲಿ ಮೂವತ್ತರ ಪ್ರಾಯದಲ್ಲಿ ತೀರಿಕೊಂಡ. ಸಹೋದ್ಯೋಗಿಗಳು ನೆನಪಿನಿಂದ ಬರೆದು ಪ್ರಕಟಿಸಿದರು. ಅವನ ವಿಚಾರ ಹೂ ಕಟ್ಟುವವರಿಗೆ ಕೂಡಲೇ ತಿಳಿಯುತ್ತದೆ. ಎಲ್ಲ ತಾಣವೂ ಸರಿಯಿದ್ದು, ಒಂದಕ್ಕೊಂದು ಕೂಡಿಕೊಂಡಿರುವಾಗ ಎಲ್ಲಿಂದಾದರೂ ಹೊರಡಿ, ಮುಂದೆ ದಾರಿ ಇರುವವರೆಗೂ ನಡೆಯಿರಿ. ಸಿಕ್ಕಿಬೀಳುವುದು ಹೊರಟ ಜಾಗದಲ್ಲಿ ಮಾತ್ರ. ಆಗ ಒಂದು ಮಾಲೆ ಆಯಿತು. ಇನ್ನೂ ಗೆರೆಗಳು ಉಳಿದಿದ್ದರೆ, ಮಾಲೆಯ ಮೇಲೆಯೇ ಎಲ್ಲೋ ಒಂದು ತಾಣದಿಂದ ಬಳಸದ ಗೆರೆ ಹೊರಟಿರುತ್ತದೆ. ಅಲ್ಲಿಂದ ಇನ್ನೊಂದು ಮಾಲೆ ಕಟ್ಟಿ, ಅದೇ ಗಂಟಿನಲ್ಲಿ ಹಳೆಯದಕ್ಕೆ ಸೇರಿಸಿ. ಗೆರೆಗಳು ಮುಗಿಯುವವರೆಗೂ ಹೀಗೇ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ‘ಬೇಕು’ ಎಂಬುದನ್ನು ಆಯ್ಲರ್ ಕುಳಿತಲ್ಲೇ ಎಣಿಸಿ ತೋರಿಸಿದ. ‘ಸಾಕು’ ಎಂಬುದನ್ನು ತೋರಿಸಲು ಯಾರಾದರೂ ನಡೆದು ದಾರಿಯನ್ನೇ ಕಟ್ಟಿ ಕೊಡಬೇಕಾಯಿತು. ನಾನು ಕಂಡ ಗಣಿತದಲ್ಲಿ ಬಹಳ ಸಲ ಹೀಗೆಯೇ: ಆಗದು ಎನ್ನಲು ಒಂದು ಕೊರತೆ ಸಾಕು, ಆಗುತ್ತದೆ ಎನ್ನಲು ಮಾಡಿ ತೋರಿಸಬೇಕು.

ಬೇಕನ್ನೇ ಸಾಕೆಂದು ತಿಳಿದರೆ ಏನಾಗುತ್ತದೆ ಎಂಬುದಕ್ಕೆ 341ರ ಕತೆ ಇದೆ. ಯಾವುದೇ ಬೆಸ ಅವಿಭಾಜ್ಯ ಸಂಖ್ಯೆ ತೆಗೆದುಕೊಂಡು, ಅದಕ್ಕಿಂತ ಒಂದು ಕಡಿಮೆ ಸಲ ಎರಡನ್ನು ಬರೆದು, ಅವನ್ನೆಲ್ಲ ಒಂದಕ್ಕೊಂದು ಗುಣಿಸಿ, ಆ ಸಂಖ್ಯೆಯಿಂದಲೇ ಭಾಗಿಸಿದರೆ ಶೇಷ 1. ಇದು ಫರ್ಮಾನ ಪ್ರಮೇಯ. 7ಕ್ಕೆ ನೋಡಿ: 2ರ ಆರನೆಯ ಘಾತ 64, ಏಳೊಂಬತ್ತಲ 63, ಶೇಷ 1. ಹಾಗಾದರೆ ಶೇಷ 1 ಬಂದರೆ ಸಂಖ್ಯೆ ಅವಿಭಾಜ್ಯವೆಂದು ಹೇಳಬಹುದೇ? ಸಣ್ಣ ಸಂಖ್ಯೆಗಳಲ್ಲೆಲ್ಲ ಹೊಂದುತ್ತದೆ. 341ರವರೆಗೂ ಹೊಂದುತ್ತದೆ. 341 ಅಂದರೆ 11 ಮೂವತ್ತೊಂದಲ. ಆದರೂ 2ರ ಹತ್ತನೆಯ ಘಾತ 1024, ಅದು 341ರ ಮೂರು ಪಟ್ಟಾದ 1023ಕ್ಕಿಂತ ಒಂದೇ ಹೆಚ್ಚು. ಹತ್ತಕ್ಕೇ ಶೇಷ 1 ಬಂದ ಮೇಲೆ 340ಕ್ಕೂ 1 ಬರಲೇಬೇಕು. 1819ರಲ್ಲಿ ಸಾರೂಸ್ ಎಂಬ ಗಣಿತಜ್ಞ ಇದನ್ನು ತೋರಿಸಿದ. 2ರ ಬದಲು, ತಮ್ಮೊಂದಿಗೆ 1ರ ಹೊರತು ಸಾಮಾನ್ಯ ಭಾಜಕವಿಲ್ಲದ ಯಾವ ಆಧಾರ ಹಿಡಿದು ನೋಡಿದರೂ ಬಿಡದೆ ಮೋಸಗೊಳಿಸುವ ಸಂಖ್ಯೆಗಳಿವೆ, 561 ಅಂಥದು. ಅವಿಭಾಜ್ಯವನ್ನು ಗುರುತಿಸುವ ವಿಲ್ಸನ್ ಪ್ರಮೇಯದಲ್ಲಿ ಬೇಕೂ ಸಾಕೂ ಎರಡೂ ಇವೆ, ಆದರೆ ಅದನ್ನು ಬಳಸಲು 1ರಿಂದ ಹಿಡಿದು ಎಲ್ಲ ಸಂಖ್ಯೆಗಳನ್ನೂ ಗುಣಿಸುತ್ತ ಹೋಗಬೇಕು. ದೊಡ್ಡ ಸಂಖ್ಯೆಯ ಮುಂದೆ ಅದು ಕೈಗೆ ಒದಗದು. ಬೇಕೂ ಆಗಿ ಸಾಕೂ ಆಗಿ, ತಕ್ಕ ವೇಗದಲ್ಲಿ, ಅದೃಷ್ಟವನ್ನಾಗಲಿ ಸಾಧಿಸದ ಊಹೆಯನ್ನಾಗಲಿ ನಂಬದೆ ಉತ್ತರ ಹೇಳುವ ಪರೀಕ್ಷೆಯನ್ನು 2002ರಲ್ಲಿ ಕೊಟ್ಟವರು ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕೊನೆಯ ಇಬ್ಬರು ಆಗಷ್ಟೇ ಬಿ.ಟೆಕ್. ಮುಗಿಸಿದ್ದರು.

ನಮ್ಮ ತರ್ಕಶಾಸ್ತ್ರಕ್ಕೆ ಇದು ಹಳೆಯ ನೆಲ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನುವುದು ವ್ಯಾಪ್ತಿ. ಬೆಂಕಿ ಇದ್ದಲ್ಲಿ ಹೊಗೆ ಎನ್ನುವಂತಿಲ್ಲ, ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೈಯಾಯಿಕರು ಎದುರಿಗಿಡುತ್ತಾರೆ. ಹೊಗೆ ಏಳಲು ಹಸಿ ಸೌದೆಯ ಸಂಗ ಬೇಕು. ಅದನ್ನು ಉಪಾಧಿ ಎಂದರು. ಎರಡೂ ದಿಕ್ಕಿಗೆ ನಿಲ್ಲುವುದನ್ನು ಸಮವ್ಯಾಪ್ತಿ ಎಂದರು. ಲಕ್ಷಣ ಹೇಳುವಾಗಲೂ ಇದೇ ಎಚ್ಚರ: ಕೊಂಬಿರುವುದು ಹಸು ಎಂದರೆ ಎಮ್ಮೆಯೂ ಒಳಗೆ ಬಂತು, ಅತಿವ್ಯಾಪ್ತಿ. ಕಪಿಲ ಬಣ್ಣದ್ದು ಹಸು ಎಂದರೆ ಕರಿಯ ಹಸು ಹೊರಗುಳಿಯಿತು, ಅವ್ಯಾಪ್ತಿ. ಕೊನೆಗೆ ಅವರು ಹಿಡಿದದ್ದು ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನು. ಹಟ್ಟಿಯಲ್ಲಿ ನಿಂತು ನೋಡಿದವರ ಶಾಸ್ತ್ರ ಇದು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಇನ್ನು ವೈದ್ಯ. ಇಲ್ಲಿ ತಪ್ಪಿದರೆ ಜೀವ ಹೋಗುತ್ತದೆ.

1884ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿದ್ದಾಗ ಕಾಲರಾ ರೋಗಿಗಳಲ್ಲಿಯೂ ಅಲ್ಲಿನ ಒಂದು ಕೆರೆಯ ನೀರಿನಲ್ಲಿಯೂ ಅಲ್ಪವಿರಾಮದ ಹಾಗೆ ಬಾಗಿದ ಬ್ಯಾಕ್ಟೀರಿಯಾ ಕಂಡರು, ಇದೇ ಕಾರಣ ಎಂದರು. ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಒಪ್ಪಲಿಲ್ಲ. ಕ್ರಿಮಿಯೊಂದೇ ಸಾಲದು, ನೆಲದ ಗುಣವೂ ಕೂಡಬೇಕು ಎಂಬುದು ಅವರ ವಾದ. 1892ರ ಅಕ್ಟೋಬರಿನಲ್ಲಿ, 73ರ ವಯಸ್ಸಿನಲ್ಲಿ, ಅವರು ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ್ದ ದ್ರವವನ್ನು ಕುಡಿದೇಬಿಟ್ಟರು. ಸ್ವಲ್ಪ ಭೇದಿಯಾಯಿತು, ಅಷ್ಟೇ. ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಅವರು ತೋರಿಸಿದ್ದೂ ನಿಜ: ಕ್ರಿಮಿ ಒಳಗೆ ಹೋದರೆ ಸಾಕು, ಕಾಲರಾ ಬಂದೇ ಬರುತ್ತದೆ ಎನ್ನುವಂತಿಲ್ಲ. ಆದರೆ ಸಾಲದು ಎಂದು ತೋರಿಸಿ, ಬೇಡ ಎಂಬಂತೆ ನಡೆದುಕೊಂಡರು. ಕುಡಿಯುವ ನೀರಿಗೆ ಕೊಡಬೇಕಾದ ಸ್ಥಾನವನ್ನು ಕೊಡಲಿಲ್ಲ. ಅದೇ ವರ್ಷ ಹ್ಯಾಂಬರ್ಗ್ ಎಲ್ಬೆ ನದಿಯ ನೀರನ್ನು ಸೋಸದೆ ಕೊಳಾಯಿಗೆ ಬಿಡುತ್ತಿತ್ತು. ಕೆಲವೇ ವಾರಗಳಲ್ಲಿ ಸುಮಾರು 8,600 ಜನ ಸತ್ತರು. ಪಕ್ಕದ ಅಲ್ಟೋನಾ ಊರು ಅದೇ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳೆ ಸೇರಿದ ಮೇಲೆ, ತೆಗೆದುಕೊಳ್ಳುತ್ತಿತ್ತು. ಆದರೆ ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಅಲ್ಲಿ ರೋಗ ಹಾಗೆ ಹಬ್ಬಲಿಲ್ಲ.

ಈ ಎರಡು ಊರುಗಳ ನಡುವೆ ನಮ್ಮ ವಿಷಯದ ತಿರುಳೇ ಇದೆ. ರೋಗ ಬರಲು ಹತ್ತು ಸಂಗತಿ ಕೂಡಬೇಕಿರಬಹುದು. ಬಾರದಿರಲು ಹತ್ತನ್ನೂ ಗೆಲ್ಲಬೇಕಿಲ್ಲ. ರೋಗಕ್ಕೆ ಬೇಕಾದದ್ದರಲ್ಲಿ ಒಂದನ್ನು ತಪ್ಪಿಸಿದರೆ ಸಾಕು.

ಕ್ಷಯವನ್ನು ಹೀಗೇ ನೋಡಿ. ಅದರ ಬ್ಯಾಕ್ಟೀರಿಯಾವನ್ನು ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಲೋಕಕ್ಕೆ ತಿಳಿಸಿದರು. ಅದಿಲ್ಲದೆ ಕ್ಷಯವಿಲ್ಲ. ಆದರೆ ಸೋಂಕು ತಗುಲಿದ ನೂರು ಮಂದಿಯಲ್ಲಿ ಜೀವಮಾನದಲ್ಲಿ ರೋಗಿಗಳಾಗುವವರು ಐದರಿಂದ ಹತ್ತು. ಉಳಿದವರ ಮೈ ಅದನ್ನು ಹಿಡಿದಿಡುತ್ತದೆ. ಹಾಗಾದರೆ ಆ ಐದು-ಹತ್ತು ಜನರ ಹಸಿ ಸೌದೆ ಯಾವುದು? ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಅನ್ನದ ತಟ್ಟೆಯನ್ನು ನೋಡಿದರು. 2019ರಿಂದ 2022ರವರೆಗೆ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಮನೆಗಳಲ್ಲಿದ್ದ 10,345 ಜನರನ್ನು ಅನುಸರಿಸಿದರು. ಎಲ್ಲ ಮನೆಗಳಲ್ಲೂ ರೋಗಿಗೆ ಆಹಾರ ಕೊಟ್ಟರು. ಅರ್ಧದಷ್ಟು ಕಡೆ ಮನೆಯವರಿಗೂ ಕೊಟ್ಟರು: ದೊಡ್ಡವರಿಗೆ ತಲಾ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಹೀಗೆ ಉಂಡ ಮನೆಗಳಲ್ಲಿ ಹೊಸದಾಗಿ ಕ್ಷಯ ಕಂಡದ್ದು ಶೇ. 39ರಷ್ಟು ಕಡಿಮೆ. ಕ್ರಿಮಿ ಆ ಮನೆಗಳಲ್ಲೂ ಇತ್ತು, ಅದೇ ಕೋಣೆಯಲ್ಲಿ ಕೆಮ್ಮುತ್ತಿದ್ದ ಅಪ್ಪನೋ ಅಣ್ಣನೋ ಇದ್ದ. ಬೇಳೆ ಸೇರಿದ್ದರಿಂದ ಕೆಲವರ ಮಟ್ಟಿಗೆ ಆ ಕ್ರಿಮಿ ಸಾಲದೆ ಹೋಯಿತು. ಈ ಫಲಿತಾಂಶವನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಸಣ್ಣ ಚೀಲ ಅದು.

ಅರ್ಥಶಾಸ್ತ್ರದಿಂದ ಒಂದೇ ಮಾತು. ಕ್ಷಾಮವೆಂದರೆ ಧಾನ್ಯ ಇಲ್ಲದಿರುವುದು ಎಂದು ಎಲ್ಲರೂ ನಂಬಿದ್ದಾಗ, ಬಾಲಕನಾಗಿ 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡಿದ್ದ ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ಲೆಕ್ಕ ಬಿಚ್ಚಿಟ್ಟರು. 1943ರಲ್ಲಿ ಸಿಗಬಹುದಾಗಿದ್ದ ಧಾನ್ಯ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇ. 5ರಷ್ಟು ಮಾತ್ರ ಕಡಿಮೆ, ಕ್ಷಾಮವೇ ಇಲ್ಲದಿದ್ದ 1941ಕ್ಕಿಂತ ಶೇ. 13ರಷ್ಟು ಹೆಚ್ಚು. ಸತ್ತವರು ಸುಮಾರು 30 ಲಕ್ಷ ಎಂಬುದು ಅವರ ಅಂದಾಜು. ಕೂಲಿಯವರ, ಮೀನುಗಾರರ ಕೈಯಲ್ಲಿದ್ದ ಕಾಸು ಏರಿದ ಬೆಲೆಯ ಮುಂದೆ ಸಾಲದೆ ಹೋಗಿತ್ತು. ಊರಲ್ಲಿ ಅಕ್ಕಿ ಇದ್ದರೆ ಸಾಕು ಎಂದುಕೊಂಡ ಆಡಳಿತ ಮೂಟೆ ಎಣಿಸುತ್ತ ಕುಳಿತಿತ್ತು.

ಮುಗಿಸುವ ಮೊದಲು ಮುಂದಿನ ಸಾಲಿನವರಿಗೆ ಇನ್ನೊಂದು ಲೆಕ್ಕ. 6ನ್ನು ಭಾಗಿಸುವ, ಅದಕ್ಕಿಂತ ಸಣ್ಣ ಸಂಖ್ಯೆಗಳು 1, 2, 3. ಕೂಡಿದರೆ ಮತ್ತೆ 6. 28ಕ್ಕೆ 1, 2, 4, 7, 14. ಕೂಡಿದರೆ 28. ಇವು ಪರಿಪೂರ್ಣ ಸಂಖ್ಯೆಗಳು. ಇಂಥವನ್ನು ಕಟ್ಟಲು ಯಾವುದು ಸಾಕು ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ಹೇಳಿದ. ಸರಿಸಂಖ್ಯೆಗಳ ಮಟ್ಟಿಗೆ ಅದೇ ಬೇಕು ಕೂಡ ಎಂದು ಆಯ್ಲರ್ ಸಾಧಿಸಿದ. ಸೇತುವೆಗಳಲ್ಲಿ ಬೇಕನ್ನು ಕೊಟ್ಟು ಸಾಕನ್ನು ಬೇರೆಯವರಿಗೆ ಬಿಟ್ಟವನು, ಇಲ್ಲಿ ಬೇರೆಯವನ ಸಾಕಿಗೆ ಬೇಕನ್ನು ಜೋಡಿಸಿದ. ಬೆಸಸಂಖ್ಯೆಗಳಲ್ಲಿ ಪರಿಪೂರ್ಣವಾದದ್ದು ಇದೆಯೇ? ಇದ್ದರೆ ಅದಕ್ಕೆ ಏನೇನು ಬೇಕು ಎಂಬ ಪಟ್ಟಿ ಉದ್ದವಾಗಿಯೇ ಇದೆ. ಅಂಥ ಒಂದು ಸಂಖ್ಯೆ ಇನ್ನೂ ಯಾರಿಗೂ ಸಿಕ್ಕಿಲ್ಲ, ಇಲ್ಲವೆಂದು ಯಾರೂ ಸಾಧಿಸಿಯೂ ಇಲ್ಲ.

ನನ್ನ ತರಗತಿಯ ಹುಡುಗಿಯೊಬ್ಬಳು ಒಂದು ವಾರ ಬೆಸಸಂಖ್ಯೆಗಳನ್ನೇ ಹಿಡಿದು ಕೂತಿದ್ದಳು. ಸೋಮವಾರ 945 ತಂದಳು. ಅದರ ಭಾಜಕಗಳನ್ನೆಲ್ಲ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬರೆದು ಕೂಡಿದ್ದಳು: 975. ‘ಅಲ್ಲಿವರೆಗೂ ಎಲ್ಲ ಕಡಿಮೆನೇ ಬರ್ತಿತ್ತು ಸಾರ್, ಇದು ಮೂವತ್ತು ಜಾಸ್ತಿ ಬಂತು’ ಎಂದಳು. ಇಬ್ಬರೂ ಮತ್ತೊಮ್ಮೆ ಕೂಡಿದೆವು. ಮೂವತ್ತೇ ಜಾಸ್ತಿ. ಅವಳು ಹಾಳೆ ಮಗುಚಿ, ಹಿಂಬದಿಯಲ್ಲಿ 947 ಎಂದು ಬರೆದುಕೊಂಡಳು.